ಎಣ್ಣೆ ಸ್ನಾನ ಮಾಡಿದ ಲಿಫ್ಟ್

ವಿಜಯದಶಮಿಯ ಬೆಳಿಗ್ಗೆ, ಮುಂಬೈ ಹೊರವಲಯದ ಡೊಂಬಿವಿಲಿಯ ನಮ್ಮ ಮನೆಯಲ್ಲಿ ಪಾಯಸ ಇನ್ನೂ ಒಲೆಯ ಮೇಲಿರುವಾಗಲೇ ಫೋನು ಬಂತು. ಮಾತಾಡಿದವರು ಹತ್ತಿರದ ದಿವಾದಲ್ಲಿ ಏಳು ಮಹಡಿಯ ಕಟ್ಟಡವೊಂದರ ಸೊಸೈಟಿ ಸೆಕ್ರೆಟರಿ. ಮೂಲ ಕುಂದಾಪುರದ ಕಡೆಯವರು, ಥಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರು. ನೀರಿನ ಟ್ಯಾಂಕರ್ ತಡವಾದರೂ ಮನೆಗೆ ಬೆಂಕಿ ಬಿದ್ದವರ ದನಿಯಲ್ಲಿ ಹೇಳುವ ಸ್ವಭಾವ. ಆದ್ದರಿಂದ ನಾನು ಮೊದಲಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ.

"ಲಿಫ್ಟ್ ಜಾರ್ತಾ ಉಂಟು ಮಾರಾಯ್ರೆ," ಎಂದರು.

"ಜಾರುದು ಅಂದ್ರೆ ಎಂತ?"

"ಐದನೇ ಮಾಳಿಗೆಗೆ ಒತ್ತಿದ್ರೆ ಐದು ದಾಟಿ ನಿಲ್ತದೆ. ಈಗ ನೋಡಿದ್ರೆ ಖಾಲಿ ಲಿಫ್ಟು ನಿಲ್ಲದೆ ಏಳು ದಾಟಿ ಮೇಲೆ ಹೋಗಿ ಕೂತಿದೆ. ಒಳಗೆ ಯಾರೂ ಇರ್ಲಿಲ್ಲ, ದೇವ್ರು ದೊಡ್ಡವ. ನಾಳೆ ಬೆಳಿಗ್ಗೆ ಅಕ್ಕನಿಗೆ ಡಯಾಲಿಸಿಸ್ ಉಂಟಲ್ಲ, ಅದಕ್ಕೆ ನಂಗೆ ಕೈಕಾಲು ಬಿಟ್ಟದ್ದು."

ಈಗ ಎದ್ದು ಕೂತೆ. ಅಕ್ಕ ಯಾರೆಂದು ನನಗೆ ಗೊತ್ತಿತ್ತು. ಆ ಲಿಫ್ಟಿನ ನಿರ್ವಹಣೆ ನನ್ನದೇ. ಪ್ರತಿ ತಿಂಗಳು ಹೋದಾಗಲೂ ಏಳನೇ ಮಹಡಿಯ ಅಕ್ಕ ಜೋಳದ ರೊಟ್ಟಿ ತಿನ್ನಿಸದೆ ಕಳಿಸಿದವರಲ್ಲ. ಆಳಂದದ ಕಡೆಯವರು. ಮನೆಯಲ್ಲೇ ಖಾನಾವಳಿ ನಡೆಸುತ್ತಾರೆ. ಕಲ್ಯಾಣ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಕಲಬುರಗಿಯ ಹಮಾಲರು, ಕಟ್ಟಡ ಕೆಲಸದ ರಾಯಚೂರಿನವರು, ಎಲ್ಲರ ಬುತ್ತಿ ಅಲ್ಲಿಂದಲೇ. ಕಿಡ್ನಿ ಕೈಕೊಟ್ಟ ಮೇಲೂ ಖಾನಾವಳಿ ನಿಲ್ಲಿಸಲಿಲ್ಲ. ವಾರಕ್ಕೆ ಮೂರು ಸಲ ಲಿಫ್ಟಿನಲ್ಲಿ ಇಳಿದು, ರಿಕ್ಷಾ ಹತ್ತಿ ಡೊಂಬಿವಿಲಿಯ ಆಸ್ಪತ್ರೆಗೆ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಾರೆ. ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಹಿಡಿಯುತ್ತದೆ. ಆ ಕಟ್ಟಡಕ್ಕೆ ಇರುವುದು ಅದೊಂದೇ ಲಿಫ್ಟು.

ಹೆಂಡತಿಯ ಮುಖ ನೋಡದೆ ಚೀಲ ಹೆಗಲಿಗೇರಿಸಿದೆ. ನನ್ನ ಜೊತೆಗಾರ ವಿಠ್ಠಲವಾಡಿಯ ಮರಾಠಿ ಗೃಹಸ್ಥ. ಅವನಿಗೂ ಹಬ್ಬವೇ, ಅವನೂ ಬೈದುಕೊಂಡೇ ಬಂದ. ದಿವಾ ಸ್ಟೇಷನ್ನಿನ ಸೇತುವೆಯ ಮೇಲೆ ಇಬ್ಬರೂ ಸೇರಿದೆವು. ಹಬ್ಬದ ದಿನವೂ ಆ ಸೇತುವೆಯಲ್ಲಿ ಜನ ಕಡಿಮೆಯಾಗುವುದಿಲ್ಲ.

ಗೇಟಿನಲ್ಲಿ ವಾಚ್‌ಮನ್ ಕಾಕಾ ನಿಂತಿದ್ದರು. ಇಂಡಿ ಕಡೆಯವರು, ವಯಸ್ಸಾಗಿದೆ, ಇಡೀ ಕಟ್ಟಡಕ್ಕೆ ಕಾಕಾ. ಇಸ್ತ್ರಿ ಮಾಡಿದ ಯೂನಿಫಾರ್ಮು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬನ್ನಿ ಸೊಪ್ಪು. ನನ್ನನ್ನು ಕಂಡವರೇ ಒಂದು ಎಸಳು ಮುಂದೆ ಹಿಡಿದರು.

"ಬನ್ನಿ ತಗೋರಿ ಸಾಹೇಬ್ರ, ನಾವು ನೀವು ಬಂಗಾರದಂಗ ಇರೋಣ."

"ಆಮೇಲೆ ಕಾಕಾ, ಆಮೇಲೆ. ಮೊದಲು ಲಿಫ್ಟು," ಎಂದು ಅವರನ್ನು ದಾಟಿ ಮೆಟ್ಟಿಲು ಹತ್ತಿದೆ. ಅವರು ಎಸಳನ್ನು ಜೇಬಿಗೆ ಹಾಕಿಕೊಂಡು ನಮ್ಮ ಹಿಂದೆಯೇ ಬಂದರು.

ಟೆರೇಸಿನ ಮೇಲಿನ ಮಷಿನ್ ರೂಮಿನ ಬಾಗಿಲು ತೆರೆದಾಗ ಮೊದಲು ಬಂದದ್ದು ವಾಸನೆ. ಗ್ರೀಸಿನದಲ್ಲ, ಕೊಬ್ಬರಿ ಎಣ್ಣೆಯದು. ಮೋಟಾರಿನ ಕೊರಳಿಗೆ ಚೆಂಡು ಹೂವಿನ ಮಾಲೆ, ಮೈಮೇಲೆ ಮೂರು ಬೆರಳಿನ ವಿಭೂತಿ, ಕಂಟ್ರೋಲ್ ಪೆಟ್ಟಿಗೆಯ ಮೇಲೆ ಕುಂಕುಮ ಹಚ್ಚಿದ ನಿಂಬೆಹಣ್ಣು. ಇದೆಲ್ಲ ಪ್ರತಿ ಆಯುಧ ಪೂಜೆಗೂ ಇರುವುದೇ, ನನಗೇನೂ ಆಕ್ಷೇಪವಿಲ್ಲ. ಬ್ರೇಕ್ ನೋಡಿದೆ. ಬಿಗಿಯಾಗಿ ಕಚ್ಚಿ ಹಿಡಿದಿತ್ತು, ಅದರಲ್ಲಿ ಯಾವ ದೋಷವೂ ಇರಲಿಲ್ಲ. ಆಮೇಲೆ ಮೋಟಾರಿನ ಗಾಲಿಯ ಮೇಲಿನ ನಾಲ್ಕು ಉಕ್ಕಿನ ಹಗ್ಗಗಳ ಮೇಲೆ ಟಾರ್ಚ್ ಬಿಟ್ಟೆ. ಶಾಲೆಗೆ ಹೊರಟ ಹುಡುಗಿಯ ಜಡೆಯ ಹಾಗೆ ಹೊಳೆಯುತ್ತಿದ್ದವು. ಬೆರಳಿಟ್ಟೆ. ಬೆರಳು ನಿಲ್ಲಲಿಲ್ಲ.

"ಕಾಕಾ, ಇದಕ್ಕೆ ಎಣ್ಣೆ ಹಚ್ಚಿದ್ದು ಯಾರು?"

"ನಾನ ರೀ," ಎಂದರು ಕಾಕಾ, ಹೆಮ್ಮೆಯಿಂದ. "ನಿನ್ನಿ ಪೂಜಿ ಮಾಡೀನ್ರಿ. ಹಗ್ಗ ಒಣಗಿ ಕಟ್ಟಿಗಿ ಆಗಿದ್ವು. ಅಕ್ಕನ್ನ ವಾರಕ್ಕ ಮೂರು ಸಲ ಇಳಿಸಿ ಏರಸ್ತಾವ, ಒಂದ್ ದಿನಾನೂ ಇಲ್ಲ ಅಂದಿಲ್ಲ. ನಾವು ಎತ್ತಿಗಿ, ಬಂಡಿಗಿ, ಎಲ್ಲಾಕೂ ಎಣ್ಣಿ ಕಾಣಸ್ತೀವಿ. ಇವಕ್ಕ ಯಾರು ಕಾಣಸ್ತಾರ? ಅದಕ್ಕ ಲಿಫ್ಟ್ ಮ್ಯಾಲ ಕೆಳಗ ಓಡಸ್ಕೋತ ಎಣ್ಣಿ ಅರಿವಿ ಹಿಡದು ಪೂರಾ ತಿಕ್ಕೀನ್ರಿ."

ಓಡುವ ಹಗ್ಗಕ್ಕೆ ಬಟ್ಟೆ ಹಿಡಿದದ್ದು! ನಾನು ಮೊದಲು ಅವರ ಕೈಬೆರಳುಗಳನ್ನು ನೋಡಿದೆ. ಎಲ್ಲವೂ ಇದ್ದವು. ಆಮೇಲೆ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಕನ್ನಡದಲ್ಲಿ ಶುರುಮಾಡಿ ಹಿಂದಿಯಲ್ಲಿ ಮುಗಿಸಿದೆ. ಏನು ತಪ್ಪಾಯಿತೆಂದು ಅವರಿಗೆ ತಿಳಿದಿರಲೇ ಇಲ್ಲ. ಎಣ್ಣೆ ಹಾಕಿದರೆ ಯಂತ್ರ ಚೆನ್ನಾಗಿ ಓಡುತ್ತದೆ ಎಂದು ನಂಬುವುದರಲ್ಲಿ ತಪ್ಪೇನಿದೆ? ಅರ್ಧ ಜಗತ್ತು ಹಾಗೆಯೇ ನಂಬಿ ಬದುಕಿದೆ.

ಲಿಫ್ಟಿನ ಹಗ್ಗ ಮೇಲಿನ ಗಾಲಿಗೆ ಸುತ್ತಿಕೊಳ್ಳುತ್ತ ಪೆಟ್ಟಿಗೆಯನ್ನು ಎಳೆದುಕೊಳ್ಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಹಗ್ಗ ಗಾಲಿಯ ಹಳ್ಳಗಳಲ್ಲಿ ಸುಮ್ಮನೆ ಕೂತಿರುತ್ತದೆ, ಒಣಗಲು ಹಾಕಿದ ಸೀರೆ ತಂತಿಯ ಮೇಲೆ ಕೂತ ಹಾಗೆ. ಅದಕ್ಕೆ ಗಂಟಿಲ್ಲ, ಮೊಳೆಯಿಲ್ಲ. ಒಂದು ತುದಿಯಲ್ಲಿ ನಾವು ನಿಲ್ಲುವ ಪೆಟ್ಟಿಗೆ, ಇನ್ನೊಂದು ತುದಿಯಲ್ಲಿ ಕಬ್ಬಿಣದ ಎದುರುಭಾರ. ಆ ಎದುರುಭಾರದ ತೂಕವೆಂದರೆ ಖಾಲಿ ಪೆಟ್ಟಿಗೆಯ ತೂಕ, ಅದರ ಜೊತೆ ಒಳಗೆ ಹಿಡಿಯುವ ಜನರಲ್ಲಿ ಅರ್ಧದಷ್ಟು ತೂಕ. ಗಾಲಿ ತಿರುಗಿದರೆ ಹಗ್ಗ ಏಕೆ ಹೋಗಬೇಕು? ಎರಡರ ನಡುವೆ ಉಜ್ಜಾಟ ಇರುವುದರಿಂದ. ಘರ್ಷಣೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. ಏಳು ಮಹಡಿಯ ಜನ ದಿನವೂ ಏರಿಳಿಯುವುದು ಆ ಹಿಡಿತವೊಂದನ್ನೇ ನಂಬಿ. ಬ್ರೇಕ್ ಕೂಡ ಹಿಡಿಯುವುದು ಗಾಲಿಯನ್ನು, ಹಗ್ಗವನ್ನಲ್ಲ. ಗಾಲಿ ನಿಂತರೂ ಎಣ್ಣೆಯ ಹಗ್ಗ ಅದರ ಮೇಲೆ ಜಾರಿಕೊಂಡು ಹೋಗಬಲ್ಲದು. ಖಾಲಿ ಪೆಟ್ಟಿಗೆಗಿಂತ ಎದುರುಭಾರ ಹೆಚ್ಚು, ಆದ್ದರಿಂದ ಖಾಲಿ ಲಿಫ್ಟು ಜಾರುವುದು ಮೇಲಕ್ಕೆ. ಇಲ್ಲಿ ಆದದ್ದು ಅದೇ. ಎದುರುಭಾರ ಕೆಳಗೆ ಹೋಗಿ ತನ್ನ ಸ್ಪ್ರಿಂಗಿನ ಮೇಲೆ ಕೂತ ಮೇಲಷ್ಟೇ ಲಿಫ್ಟು ನಿಂತಿತ್ತು.

ನನ್ನ ಸೂಪರ್‌ವೈಸರ್‌ಗೆ ಫೋನು ಹಚ್ಚಿದೆ. ಹೊಸ ಹಗ್ಗ ನವಿ ಮುಂಬೈಯ ಗೋದಾಮಿನಿಂದ ಬರಬೇಕು, ಹಬ್ಬದ ರಜೆ ಕಳೆಯದೆ ಆಗದು, ಅಲ್ಲಿಯವರೆಗೆ ಒರೆಸಿ ನೋಡಿ ಎಂದರು. ಎಣ್ಣೆ ಬಿದ್ದು ಒಂದು ದಿನವೂ ಆಗಿರಲಿಲ್ಲ. ಹಗ್ಗದ ಹೊಟ್ಟೆಯೊಳಗಿನ ನಾರಿನವರೆಗೆ ಇಳಿದಿರದಿದ್ದರೆ ಒರೆಸಿ ತೆಗೆಯಬಹುದು. ಆದರೆ ಪೂರ್ತಿ ಹಗ್ಗ ಒರೆಸಬೇಕೆಂದರೆ ಲಿಫ್ಟನ್ನು ಮೇಲಿನಿಂದ ಕೆಳಗಿನವರೆಗೆ ತರಬೇಕು, ಹಗ್ಗವೆಲ್ಲ ಮಷಿನ್ ರೂಮಿನಲ್ಲಿ ನಮ್ಮ ಕೈಕೆಳಗೆ ಹಾದುಹೋಗಬೇಕು. ಜಾರುವ ಹಗ್ಗದ ಮೇಲೆ ಅದನ್ನು ಇಳಿಸುವುದು ಹೇಗೆ?

ಇದಕ್ಕೆ ನಮ್ಮ ಕಸುಬಿನಲ್ಲಿ ಉತ್ತರವಿದೆ, ಅದು ನನಗೆ ಬಹಳ ಇಷ್ಟವಾದ ಉತ್ತರ. ಎರಡೂ ಕಡೆ ತೂಕ ಸಮವಾಗಿದ್ದರೆ ಹಗ್ಗಕ್ಕೆ ಯಾವ ಕಡೆಗೂ ಜಾರುವ ಕಾರಣವೇ ಉಳಿಯುವುದಿಲ್ಲ. ಎಣ್ಣೆ ಎಷ್ಟೇ ಇರಲಿ, ಎಳೆಯುವವರಿಲ್ಲದಿದ್ದರೆ ಜಾರುವುದು ಯಾಕೆ? ಪೆಟ್ಟಿಗೆಯಲ್ಲಿ ಅರ್ಧ ಭಾರ ತುಂಬಿ ಕೈಯಿಂದ ಗಾಲಿ ತಿರುಗಿಸಿದರೆ ಅದು ಮಾತು ಕೇಳಿಕೊಂಡು ಇಳಿಯುತ್ತದೆ. ಅದಕ್ಕೆ ಬೇಕಾದ ಕಬ್ಬಿಣದ ತೂಕದ ಕಲ್ಲುಗಳು ಮಾತ್ರ ಅದೇ ನವಿ ಮುಂಬೈಯ ಗೋದಾಮಿನಲ್ಲಿದ್ದವು.

ಸೆಕ್ರೆಟರಿ ತಲೆ ಕೆರೆದುಕೊಂಡರು. ಆಗ ಏಳನೇ ಮಹಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಕ್ಕ ಕೇಳಿದರು: "ತೂಕ ಅಂದ್ರ ಯಾವ ತೂಕಾದ್ರೂ ನಡೀತದೇನ ತಮ್ಮ?"

"ಎಷ್ಟು ಅಂತ ಗೊತ್ತಿದ್ರೆ ಯಾವುದಾದ್ರೂ ಆದೀತು ಅಕ್ಕ."

"ಮತ್ತ ನನ್ನ ಜ್ವಾಳ ಒಯ್ರಿ. ಊರಿಂದ ವರ್ಷದ್ದು ಬಂದಾವ. ಐವತ್ತು ಕಿಲೋದ ಚೀಲ, ತೂಕ ಮಾಡೇ ಹೊಲದಾರ."

ನನಗೆ ನಗು ಬಂತು. ತನ್ನನ್ನು ಇಳಿಸುವ ಲಿಫ್ಟಿಗೆ ತನ್ನ ವರ್ಷದ ಜೋಳವನ್ನೇ ತೂಕವಾಗಿ ಕೊಡುವವರು ಎಲ್ಲಿ ಸಿಗುತ್ತಾರೆ?

ಪೆಟ್ಟಿಗೆಯನ್ನು ಮೊದಲು ಸರಪಳಿಯಿಂದ ಮೇಲಿನ ತೊಲೆಗೆ ಕಟ್ಟಿದೆವು. ಕರೆಂಟು ತೆಗೆದು ಬೀಗ ಹಾಕಿ ಬೀಗದಕೈ ನನ್ನ ಜೇಬಿಗಿಟ್ಟುಕೊಂಡೆ. ಏಳನೇ ಮಹಡಿಯ ಬಾಗಿಲು ತೆರೆದು, ನೆಲಕ್ಕಿಂತ ತುಸು ಮೇಲೆ ನಿಂತಿದ್ದ ಪೆಟ್ಟಿಗೆಗೆ ಅಕ್ಕನ ಮನೆಯ ಚೀಲಗಳನ್ನು ಎತ್ತಿ ಹಾಕಿದೆವು. ಜೋಳದ ಕೊನೆಯ ಚೀಲ ಒಳಗೆ ಕೂತ ಮೇಲೆ ಅದೇ ಮಹಡಿಯ ಒಬ್ಬರು ಅಕ್ಕಿಯ ಸಣ್ಣ ಚೀಲ ತಂದು ಲೆಕ್ಕ ತುಂಬಿಸಿದರು. ಎಲ್ಲರನ್ನೂ ದೂರ ಸರಿಸಿ ಸರಪಳಿ ಸಡಿಲಿಸಿದೆ. ಪೆಟ್ಟಿಗೆ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಹೋಗಲಿಲ್ಲ. ಅಷ್ಟು ಭಾರದ ಕಬ್ಬಿಣ ಮತ್ತು ಜೋಳ ಒಂದನ್ನೊಂದು ನೋಡಿಕೊಂಡು ಸುಮ್ಮನಿದ್ದವು. ಜೊತೆಗಾರ ಬ್ರೇಕಿನ ಹಿಡಿ ಎತ್ತಿದ, ನಾನು ಕೈಗಾಲಿ ತಿರುಗಿಸಿದೆ. ಒಂದು ಕೈಯ ಬಲಕ್ಕೆ ಅದು ಮೆಲ್ಲಗೆ ಇಳಿಯಿತು. ಎಷ್ಟು ಸಲ ಮಾಡಿದ್ದರೂ ಈ ಕ್ಷಣಕ್ಕೆ ನನ್ನ ಮೈ ಜುಮ್ಮೆನ್ನುತ್ತದೆ.

ಗೇಣು ಗೇಣಾಗಿ ಇಳಿಸುವುದು, ನಿಲ್ಲಿಸುವುದು, ಒರೆಸುವುದು. ಬಟ್ಟೆ ಹತ್ತಿಯದೇ ಆಗಬೇಕು, ಸಿಂಥೆಟಿಕ್ ಎಣ್ಣೆ ಹೀರುವುದಿಲ್ಲ. ಸೆಕ್ರೆಟರಿ ಮನೆಮನೆಗೆ ಹೋಗಿ ಕೇಳಿದರು. ಹಳೆಯ ಧೋತರ, ಹರಿದ ಬನಿಯನ್, ಬಾಣಂತಿಯ ಸೀರೆ, ಏನು ಬೇಕೋ ಅದು ಬಂತು. ಒರೆಸುವ ಕೆಲಸಕ್ಕೆ ಕಾಕಾ ತಾವೇ ಮುಂದೆ ಬಂದು ನಿಂತರು. ನಾನು ಬೇಡವೆನ್ನಲಿಲ್ಲ. ಹಗ್ಗ ಪೂರ್ತಿ ನಿಂತ ಮೇಲಷ್ಟೇ ಕೈ ಹಾಕಬೇಕೆಂದು ಹೇಳಿದೆ. ಅವರು ಪ್ರತಿ ಸಲವೂ "ನಿಂತತೇನ್ರಿ?" ಎಂದು ಕೇಳಿ, ನಾನು ಹೂಂ ಎಂದ ಮೇಲೆಯೇ ಮುಟ್ಟುತ್ತಿದ್ದರು.

ಸಂಜೆಯ ಹೊತ್ತಿಗೆ ಹಗ್ಗ ಕೈಗೆ ಒರಟಾಗಿ ಸಿಕ್ಕಿತು. ಚೀಲ ಇಳಿಸಿ, ಗಾಲಿ ಮತ್ತು ಹಗ್ಗ ಎರಡರ ಮೇಲೂ ಅಡ್ಡಲಾಗಿ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದೆ. ಲಿಫ್ಟು ಹೋಗಿ ಅದೇ ಜಾಗಕ್ಕೆ ತಿರುಗಿ ಬಂದಾಗ ಹಗ್ಗದ ಗೆರೆ ಗಾಲಿಯ ಗೆರೆಗೆ ಕೂಡಿಕೊಳ್ಳಬೇಕು. ಕೂಡದಿದ್ದರೆ ನಡುವೆ ಹಗ್ಗ ಜಾರಿದೆ ಎಂದರ್ಥ. ಮೊದಲ ಓಟಗಳಲ್ಲಿ ಗೆರೆ ಹೆಚ್ಚುಕಡಿಮೆ ಕೂಡಿತು. ಸೆಕ್ರೆಟರಿ ಆಗಲೇ ಕೈ ಕುಲುಕಲು ಬಂದರು. ಆದರೆ ಓಡಿದ ಹಾಗೆ ಹಗ್ಗ ಹಿಂಡಿಕೊಂಡಿತು. ಎಳೆಗಳ ಸಂದಿಯಲ್ಲಿ ಅಡಗಿದ್ದ ಎಣ್ಣೆ ಬೆವರಿನ ಹಾಗೆ ಹೊರಗೆ ಬಂದು ಗಾಲಿಯ ಹಳ್ಳ ಮತ್ತೆ ಮಿಂಚಿತು. ಖಾಲಿ ಲಿಫ್ಟು ಮೇಲೆ ಬಂದು ನಿಂತಾಗ ಗೆರೆಗಳ ನಡುವೆ ಮೂರು ಬೆರಳು ಅಂತರ.

ಈಗ ಸಲಹೆಗಳು ಶುರುವಾದವು. "ಅರೇ ಬಾಬಾ, ಘಾಸ್ಲೇಟ್ ಮಾರ್ ದೇತೆ ಹೈ, ಸಾಫ್ ಹೋ ಜಾಯೇಗಾ," ಎಂದ ಜೊತೆಗಾರ. ಸೀಮೆಎಣ್ಣೆ ಸುರಿದರೆ ಮೇಲಿನ ಎಣ್ಣೆಯೇನೋ ಹೋಗುತ್ತದೆ, ಅದರ ಜೊತೆ ಹಗ್ಗದ ಹೊಟ್ಟೆಯಲ್ಲಿ ಕಾರ್ಖಾನೆಯವರು ತುಂಬಿದ ಎಣ್ಣೆಯೂ ಹೋಗಿ ಒಳಗಿಂದ ತುಕ್ಕು ಹಿಡಿಯುತ್ತದೆ. ಅದು ಅವನಿಗೂ ಗೊತ್ತು, ದಣಿವಿನಲ್ಲಿ ಆಡಿದ ಮಾತು. ಸೆಕ್ರೆಟರಿಯದು ಇನ್ನೂ ಮೇಲು.

"ಕ್ಯಾರಂ ಪೌಡರ್ ಹಾಕಿದ್ರೆ ಹೇಗೆ ಮಾರಾಯ್ರೆ? ಒಣ ಮಾಡ್ತದಲ್ಲ."

"ಕ್ಯಾರಂ ಬೋರ್ಡಿಗೆ ಪೌಡರ್ ಹಾಕುದು ಯಾಕೆ?"

"ಸ್ಟ್ರೈಕರ್ ಜಾರ್ಲಿಕ್ಕೆ," ಎಂದರು.

ಲಿಫ್ಟಿಗೆ ಬೀಗ ಜಡಿದು ಕೆಳಗಿಳಿದೆವು.

ಮರುದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕಲ್ಯಾಣ ಮಾರ್ಕೆಟ್ಟಿನ ನಾಲ್ವರು ಹಮಾಲರು ಏಳನೇ ಮಹಡಿಯಲ್ಲಿ ನಿಂತಿದ್ದರು. ಅಕ್ಕನ ಖಾನಾವಳಿಯ ಗಿರಾಕಿಗಳು, ಸುದ್ದಿ ಕೇಳಿ ಮೊದಲ ಲೋಕಲ್ ರೈಲಿಗೇ ಬಂದವರು. ಅಕ್ಕ ಮಾತ್ರ ಒಪ್ಪುತ್ತಿರಲಿಲ್ಲ.

"ಹೆಣ ಹೊತ್ತಂಗ ಹೊರಬ್ಯಾಡ್ರೋ ನನ್ನ. ನಾ ಮೆಲ್ಲಕ ನಡದು ಇಳೀತೀನಿ."

"ಹೆಣ ಮಕ್ಕೊಂಡಿರ್ತದ ಯವ್ವಾ," ಎಂದ ಅವರಲ್ಲೊಬ್ಬ. "ನೀ ಕುರ್ಚಿ ಮ್ಯಾಲ ಕುಂದರ್ತಿ. ದಿನಾ ನಿನ್ನ ರೊಟ್ಟಿ ಹೊಟ್ಟಿಯೊಳಗ ಹೊತಗೊಂಡು ಅಡ್ಡಾಡ್ತೀವಿ, ಇವತ್ತ ನಿನ್ನ ಹೊತ್ರ ಏನಾತು?"

ಅಕ್ಕ ನಕ್ಕುಬಿಟ್ಟರು. ನಕ್ಕ ಮೇಲೆ ಕೂರದೆ ವಿಧಿಯಿರಲಿಲ್ಲ.

ಅವರು ಇಳಿಸಿದ ರೀತಿಯನ್ನು ನಾನು ಬಾಯಿ ಬಿಟ್ಟು ನೋಡಿದೆ. ನಾಲ್ವರೂ ಚಪ್ಪಲಿ ಬಿಟ್ಟರು. ಮುಂದಿನ ಇಬ್ಬರು ಕುರ್ಚಿಯ ಕಾಲುಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು, ಹಿಂದಿನವರು ಬಗ್ಗಿ ಅದರ ಬೆನ್ನನ್ನು ಹಿಡಿದರು, ಕುರ್ಚಿ ನೆಟ್ಟಗೇ ಉಳಿಯಿತು. ಬರಿ ಹಿಮ್ಮಡಿ ಊರಿ, ಪಾದ ಪೂರ್ತಿ ಒತ್ತಿ, ಆಮೇಲೆ ಇನ್ನೊಂದು ಕಾಲು. ಅವರಿಗಿಂತ ಒಂದು ಮೆಟ್ಟಿಲು ಮುಂದೆ ಕಾಕಾ ಗೋಣಿಚೀಲ ಹಿಡಿದು ಹಿಂದುಹಿಂದಾಗಿ ಇಳಿಯುತ್ತಿದ್ದರು. ಬೆಳಗಿನ ಒರೆಸುವ ನೀರು ಟೈಲ್ಸಿನ ಮೇಲೆ ಇನ್ನೂ ಆರಿರಲಿಲ್ಲ. ಹಮಾಲರ ಕಾಲು ಬೀಳುವ ಮೊದಲೇ ಪ್ರತಿ ಮೆಟ್ಟಿಲನ್ನೂ ಗೋಣಿಯಿಂದ ತಿಕ್ಕಿ ಒಣಗಿಸುತ್ತಿದ್ದರು. ಯಾರೂ ಅವರಿಗೆ ಹೇಳಿರಲಿಲ್ಲ. ನಿನ್ನೆ ನಾನು ಬೈದ ಬೈಗುಳದಲ್ಲಿ ಅವರು ಹೆಕ್ಕಿಕೊಂಡದ್ದು ಇದನ್ನು: ಎಲ್ಲಿ ಹಿಡಿತ ಬೇಕೋ ಅಲ್ಲಿ ಒಣಗಿರಬೇಕು. ಅಕ್ಕ ಕುರ್ಚಿಯ ಮೇಲಿಂದಲೇ ಯಾರ ಬುತ್ತಿಗೆ ಇವತ್ತು ಏನು ಹಾಕಬೇಕೆಂದು ಮೇಲೆ ನಿಂತಿದ್ದ ಸೊಸೆಗೆ ಕೂಗಿ ಹೇಳುತ್ತಿದ್ದರು. ಉಸಿರು ಕಟ್ಟುತ್ತಿತ್ತು, ಆದರೂ ದನಿ ಇಳಿಯಲಿಲ್ಲ.

ರಿಕ್ಷಾ ಹೊರಟ ಮೇಲೆ ಹಮಾಲರು ಬೆವರು ಒರೆಸಿಕೊಂಡರು. ಅವರು ಕೆಲಸಕ್ಕೆ ಹೋಗಲೇಬೇಕಿತ್ತು. ಇಳಿಯುವಾಗ ಹೇಗೋ ಆಯಿತು. ನಿಜವಾದ ಕಷ್ಟ ಇದ್ದದ್ದು ವಾಪಸ್ ಬರುವಾಗ. ಡಯಾಲಿಸಿಸ್ ಆದ ಮೇಲೆ ಅಕ್ಕನ ಬಿ.ಪಿ. ಬಿದ್ದುಹೋಗುತ್ತದೆ. ನೆಟ್ಟಗೆ ಕೂತರೆ ತಲೆ ಸುತ್ತುತ್ತದೆ, ಒಂದೆರಡು ಸಲ ರಿಕ್ಷಾದಲ್ಲೇ ಪ್ರಜ್ಞೆ ತಪ್ಪಿದ್ದುಂಟು. ಆ ಸ್ಥಿತಿಯಲ್ಲಿ ಕುರ್ಚಿಯ ಮೇಲೆ ಏಳು ಮಹಡಿ ಏರಿಸುವುದು ಆಗದ ಮಾತು. ಅವರು ಹಿಂತಿರುಗುವುದರೊಳಗೆ ಲಿಫ್ಟು ಸರಿಯಾಗಬೇಕು.

ಸೆಕ್ರೆಟರಿ ನನ್ನನ್ನು ಪಕ್ಕಕ್ಕೆ ಕರೆದರು. ನಿನ್ನೆಯಿಂದ ಅವರೂ ಕಲಿತಿದ್ದರು.

"ನೀವೇ ಹೇಳಿದ್ದಲ್ಲ, ಅರ್ಧ ಭಾರ ಇದ್ರೆ ಜಾರುದಿಲ್ಲ ಅಂತ. ಅಕ್ಕನ ಜೊತೆ ನಾನು, ಇನ್ನಿಬ್ರು ನಿಲ್ತೇವೆ. ಎಂಟು ಜನರ ಲಿಫ್ಟಿಗೆ ಸರೀ ನಾಲ್ಕು ಜನ. ಒಂದೇ ಟ್ರಿಪ್. ಅವ್ರನ್ನ ಮೇಲೆ ಬಿಟ್ಟು ಮತ್ತೆ ಬಂದ್ ಮಾಡುವ."

ಸೂಪರ್‌ವೈಸರ್ ಕೂಡ ಫೋನಿನಲ್ಲಿ ಅದನ್ನೇ ಹೇಳಿದರು, ನಾಲ್ವರು ಮಾತ್ರ ಎಂದು ಬೋರ್ಡು ಹಾಕಿ ಎಂದರು. ಸುಳ್ಳು ಹೇಳುವುದೇಕೆ, ನನಗೂ ಅದೇ ಯೋಚನೆ ಬಂದಿತ್ತು. ಲೆಕ್ಕ ಸರಿಯಾಗಿತ್ತು. ಲಿಫ್ಟು ಖಂಡಿತ ಏರುತ್ತಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣಮುಂದೆ ಒಂದೊಂದೇ ಹೆಜ್ಜೆ ನಡೆಸಿ ನೋಡಿದೆ. ಲಿಫ್ಟು ಏಳಕ್ಕೆ ಬರುತ್ತದೆ, ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ಅಕ್ಕನಿಗೆ ದಾರಿ ಬಿಡಲು ಮುಂದಿನ ಇಬ್ಬರು ಮೊದಲು ಹೊರಗೆ ಬರುತ್ತಾರೆ. ಆ ಕ್ಷಣಕ್ಕೆ ಲೆಕ್ಕ ಮುರಿಯುತ್ತದೆ. ಪೆಟ್ಟಿಗೆ ಹಗುರಾಗುತ್ತದೆ, ಎದುರುಭಾರ ಎಳೆಯುತ್ತದೆ, ಬ್ರೇಕು ಗಾಲಿಯನ್ನು ಹಿಡಿದೇ ಇರುತ್ತದೆ, ಆದರೂ ಹಗ್ಗ ಜಾರುತ್ತದೆ. ಅಕ್ಕನ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ.

"ಆಗುದಿಲ್ಲ," ಎಂದೆ. ಕಾರಣ ಹೇಳಿದೆ. ಸೆಕ್ರೆಟರಿ ಮತ್ತೆ ಆ ಮಾತೆತ್ತಲಿಲ್ಲ. ಸೂಪರ್‌ವೈಸರಿಗೂ ಅದನ್ನೇ ಹೇಳಿದೆ: ಗೆರೆ ಕೂಡುವವರೆಗೆ ಈ ಲಿಫ್ಟಿನಲ್ಲಿ ಮನುಷ್ಯರು ಕಾಲಿಡುವುದಿಲ್ಲ, ಬೇಕಿದ್ದರೆ ಬೇರೆಯವರನ್ನು ಕಳಿಸಿ. ಅವರು ಯಾರನ್ನೂ ಕಳಿಸಲಿಲ್ಲ.

ಎಣ್ಣೆ ಸಂದಿಯಿಂದ ಹಿಂಡಿಕೊಂಡು ಬರುತ್ತದೆ ಎಂದಾದರೆ ಹಿಂಡಿಯೇ ತೆಗೆಯಬೇಕು. ಜೋಳದ ಚೀಲ ಮತ್ತೆ ಒಳಗೆ ಹೋದವು. ಸಮ ಭಾರದಲ್ಲಿ ಲಿಫ್ಟನ್ನು ನಿಧಾನದ ವೇಗದಲ್ಲಿ ಮೇಲೆ ಕೆಳಗೆ ಓಡಿಸುವುದು. ಗಾಲಿಯ ಹಳ್ಳದಲ್ಲಿ ಬಾಗುವಾಗ ಹಗ್ಗ ಬೆವರುತ್ತದೆ, ನಿಲ್ಲಿಸಿ ಒರೆಸುವುದು, ಹಳ್ಳವನ್ನೂ ಒರೆಸುವುದು. ಮತ್ತೆ ಓಡಿಸುವುದು. ಇದರಲ್ಲಿ ಜಾಣತನವೇನೂ ಇಲ್ಲ, ತಾಳ್ಮೆ ಬೇಕು, ಬಟ್ಟೆ ಬೇಕು. ಅಕ್ಟೋಬರಿನ ಬಿಸಿಲಿಗೆ ಮಷಿನ್ ರೂಮಿನ ತಗಡು ಕಾದು ಒಲೆಯಾಗಿತ್ತು. ಬಟ್ಟೆ ಮುಗಿಯಿತೆಂದಾಗ ಮೂರನೇ ಮಹಡಿಯ ಮರಾಠಿ ಅಜ್ಜಿಯೊಬ್ಬರು ತಮ್ಮ ಒಂಬತ್ತು ಗಜದ ಹತ್ತಿ ಸೀರೆ ಕಳಿಸಿದರು, ಹರಿದದ್ದಲ್ಲ, ಮಡಿಕೆ ಮುರಿಯದ್ದು. "ತಿಚ್ಯಾಸಾಠಿ," ಅವಳಿಗಾಗಿ, ಎಂದಷ್ಟೇ ಹೇಳಿ ಕಳಿಸಿದ್ದರಂತೆ. ಅದನ್ನು ಹರಿಯಲು ನನಗೆ ಮನಸ್ಸು ಬರಲಿಲ್ಲ. ಕಾಕಾ ಹರಿದರು.

ಕಾಕಾ ಆ ದಿನ ಊಟಕ್ಕೂ ಇಳಿಯಲಿಲ್ಲ. ಕೇಳಿದರೆ, "ನಾ ಹಚ್ಚಿದ ಎಣ್ಣಿ, ನಾನ ತೆಗೀಬೇಕಲ್ರಿ," ಎಂದರು. ಅಳು ಇರಲಿಲ್ಲ, ಕ್ಷಮೆ ಕೇಳುವ ಗೋಗರೆತವೂ ಇರಲಿಲ್ಲ. ಹಗ್ಗದ ಒಂದೊಂದು ಎಳೆಯ ಸಂದಿಯಲ್ಲೂ ಬಟ್ಟೆಯ ಅಂಚು ಹಾಯಿಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಹಾಯಿಸುತ್ತಿದ್ದರು. ಮೊನ್ನೆ ಎಣ್ಣೆ ಹಚ್ಚಿದ ಅದೇ ಭಕ್ತಿಯಿಂದ ಈಗ ಎಣ್ಣೆ ತೆಗೆಯುತ್ತಿದ್ದರು. ಇಂಥ ಕೆಲಸಗಾರ ನನ್ನ ಕಂಪನಿಯಲ್ಲಿ ಒಬ್ಬನಿದ್ದರೆ ಸಾಕಿತ್ತು ಎಂದು ನನಗೆ ಅನ್ನಿಸಿತು, ಅದನ್ನು ಅವರಿಗೆ ಹೇಳಿಯೂಬಿಟ್ಟೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಟ್ಟೆ ಒಣಗಿಯೇ ಬರತೊಡಗಿತು. ಚೀಲ ಇಳಿಸಿ ಗೆರೆ ಎಳೆದೆ. ಅಷ್ಟರಲ್ಲಿ ರಿಕ್ಷಾ ಗೇಟಿಗೆ ಬಂತು. ಸೆಕ್ರೆಟರಿ ಅಕ್ಕನನ್ನು ಕೆಳಗೆ ವಾಚ್‌ಮನ್ ಕೋಣೆಯ ಮಂಚದ ಮೇಲೆ ಮಲಗಿಸಿ ಫೋನು ಮಾಡಿದರು. ಫೋನಿನಲ್ಲಿ ಅವರ ಹಿಂದಿನಿಂದ ಅಕ್ಕನ ಕ್ಷೀಣ ದನಿ ಕೇಳಿತು.

"ಅವಸರ ಮಾಡಬ್ಯಾಡ ಅನ್ರಿ ತಮ್ಮಗ. ನಾ ಮಲಗೀನಿ, ಆರಾಮ್ ಅದೀನಿ."

ಆರಾಮ ಎಲ್ಲಿತ್ತು? ಆದರೂ ಆ ಮಾತು ಕೇಳಿ ನಾನು ಅವಸರ ಬಿಟ್ಟೆ. ಖಾಲಿ ಲಿಫ್ಟನ್ನು ಪೂರ್ತಿ ವೇಗದಲ್ಲಿ ಮೇಲಕ್ಕೆ ಬಿಟ್ಟು ನಡುವೆಯೇ ಕರೆಂಟು ಕತ್ತರಿಸಿದೆ. ಗಾಲಿ ಕಚ್ಚಿ ನಿಂತಿತು. ಹಗ್ಗವೂ ನಿಂತಿತು. ಆಮೇಲೆ ಜೋಳ, ಅಕ್ಕಿ, ಮನೆಮನೆಯ ಗೋಧಿ ಎಲ್ಲ ತುಂಬಿ, ಎಂಟು ಜನರ ತೂಕಕ್ಕಿಂತ ಹೆಚ್ಚೇ ಮಾಡಿ ಕೆಳಕ್ಕೆ ಬಿಟ್ಟು ಕತ್ತರಿಸಿದೆ. ನಿಂತಿತು. ಮತ್ತೆ ಖಾಲಿ, ಮತ್ತೆ ತುಂಬಿ, ಹಗ್ಗ ಬೆವರುವುದೇ ಎಂದು ಕಾದು, ಜೊತೆಗಾರ ಸಾಕು ಸಾಕು ಎನ್ನುವವರೆಗೆ. ಪ್ರತಿ ಸಲವೂ ಗೆರೆ ಗೆರೆಗೆ ಬಂದು ಕೂತಿತು. ಕೊನೆಯಲ್ಲಿ ನಾನೇ ಒಳಗೆ ನಿಂತು ಮೇಲೆ ಕೆಳಗೆ ಓಡಾಡಿ ಬಂದೆ. ಆಮೇಲಷ್ಟೇ ಸೆಕ್ರೆಟರಿಗೆ ಹೇಳಿದೆ: ಅಕ್ಕನನ್ನು ಕರೆತನ್ನಿ.

ನಾನು ಮಷಿನ್ ರೂಮಿನಲ್ಲೇ ನಿಂತೆ. ಪಕ್ಕದಲ್ಲಿ ಕಾಕಾ. ಮೋಟಾರು ಗುಂಯ್ ಎಂದಿತು, ಹಗ್ಗ ಹರಿಯಿತು. ಕೆಳಗೆ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಬಿ.ಪಿ. ಬಿದ್ದ ಒಬ್ಬ ಹೆಂಗಸು, ಇಲ್ಲಿ ಉಕ್ಕಿಗೆ ಉಕ್ಕು ತಾಗಿದ ಅಂಗೈ ಅಗಲದ ಜಾಗ. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಈ ಹಿಡಿತ ಎಷ್ಟು ದೊಡ್ಡದು ಎಂದು ಅಷ್ಟು ಗಟ್ಟಿಯಾಗಿ ಯಾವತ್ತೂ ಅನ್ನಿಸಿರಲಿಲ್ಲ. ಗಾಲಿ ನಿಧಾನವಾಯಿತು, ನಿಂತಿತು. ಕೆಳಗೆ ಬಾಗಿಲು ತೆರೆದ ಸದ್ದು. ಯಾರೋ ಹೊರಗೆ ಬಂದರು, ಪೆಟ್ಟಿಗೆ ಹಗುರಾಯಿತು. ಗಾಲಿಯ ಮೇಲೆ ಹಗ್ಗ ಕೂದಲೆಳೆಯಷ್ಟೂ ಅಲುಗಲಿಲ್ಲ. ಆಮೇಲೆ ಮೆಲ್ಲ ಮೆಲ್ಲನೆಯ ಹೆಜ್ಜೆ, ಸೊಸೆಯ ದನಿ, ಮನೆಯ ಬಾಗಿಲು.

ಕಾಕಾ ಬಗ್ಗಿ ನೋಡಿದರು. "ಗೆರಿ ಕೂಡ್ತೇನ್ರಿ ಸಾಹೇಬ್ರ?"

"ಕೂಡಿತು ಕಾಕಾ."

ಆ ಹಗ್ಗಗಳನ್ನು ಹಬ್ಬ ಕಳೆದ ಮೇಲೆ ಹೇಗೂ ಬದಲಾಯಿಸಿದೆವು, ನಿಯಮ ಹಾಗಿದೆ. ಕಾಕಾನಿಗೆ ಎಣ್ಣೆ ಹಾಕುವ ಕೆಲಸವನ್ನೂ ಕೊಟ್ಟೆ. ಲಿಫ್ಟು ಏರಿಳಿಯುವ ಕಂಬಿಗಳಿಗೆ ಎಣ್ಣೆ ಬೇಕೇ ಬೇಕು, ಅದಕ್ಕೆ ಪೆಟ್ಟಿಗೆಯ ತಲೆಯ ಮೇಲೆ ಸಣ್ಣ ಬಟ್ಟಲುಗಳಿವೆ. ನಾನು ಹೋದಾಗಲೆಲ್ಲ ನನ್ನ ಮುಂದೆಯೇ ಅವರು ಅವನ್ನು ತುಂಬುತ್ತಾರೆ.

ಆದರೆ ಆ ಮಧ್ಯಾಹ್ನ ಅದೆಲ್ಲ ಹೊಳೆದಿರಲಿಲ್ಲ. ಕಾಕಾ ಹಗ್ಗಕ್ಕೆ ನಮಸ್ಕಾರ ಮಾಡಲೆಂದು ಕೈ ಚಾಚಿದವರು, ಮುಟ್ಟುವ ಮೊದಲೇ ಹಿಂದೆ ಎಳೆದುಕೊಂಡು ದೂರದಿಂದಲೇ ಕೈ ಮುಗಿದರು. ನಾನು ಅವರ ಮುಂದೆ ಅಂಗೈ ಚಾಚಿದೆ.

"ನಿನ್ನೆ ಬನ್ನಿ ಕೊಡ್ಲಿಕ್ಕೆ ಬಂದಿದ್ರಲ್ಲ ಕಾಕಾ. ಈಗ ಕೊಡಿ."

ಅವರು ಜೇಬಿನಿಂದ ಆ ಎಸಳು ತೆಗೆದರು, ಬಾಡಿ ಮುದುಡಿತ್ತು. ಕೊಡುವ ಮೊದಲು ಎರಡೂ ಕೈಗಳನ್ನು ಅಂಗಿಗೆ ತಿಕ್ಕಿ ತಿಕ್ಕಿ ಒರೆಸಿಕೊಂಡರು.